ಕರೆಂಟ್ ಹೋದರೂ ರಿಂಗಾಗುತ್ತಿದ್ದ ಫೋನ್

ಆಳಂದದ ನಮ್ಮ ಮನೆಯ ಲ್ಯಾಂಡ್‌ಲೈನ್ ಫೋನಿಗೆ ಒಂದು ಗುಣವಿತ್ತು. ಕರೆಂಟ್ ಹೋಗಿ ಫ್ಯಾನು, ಟಿ.ವಿ., ಮೋಟಾರು ಎಲ್ಲ ಗಪ್ಪಾದರೂ ಅದು ಮಾತ್ರ ಟ್ರಿಣ್ ಟ್ರಿಣ್ ಎನ್ನುತ್ತಿತ್ತು. ಚಿಕ್ಕವನಿದ್ದಾಗ ಅದೊಂದು ಪವಾಡ ಎಂದುಕೊಂಡಿದ್ದೆ. ಬಿ.ಇ. ಸೇರಿದ ಮೇಲೆ ಗುಟ್ಟು ತಿಳಿಯಿತು. ಎಕ್ಸ್‌ಚೇಂಜಿನಲ್ಲಿ 48 ವೋಲ್ಟಿನ ಬ್ಯಾಟರಿ ಇರುತ್ತದೆ. ಮಾತು ಬರುವ ತಾಮ್ರದ ತಂತಿಯಲ್ಲೇ ವಿದ್ಯುತ್ತೂ ಮನೆಗೆ ಬರುತ್ತದೆ. ಆ ಫೋನನ್ನು ವಾಪಸ್ ಕೊಟ್ಟು ನಾವು ಇಂಟರ್‌ನೆಟ್ ಹಾಕಿಸಿಕೊಂಡೆವು. ಅಂಥದ್ದೊಂದು ಬ್ಯಾಟರಿ ಇಲ್ಲದ್ದಕ್ಕೇ ಅಕ್ಕನ ಕೆಲಸ ಹೋಯಿತು ಎಂದರೆ ನೀವು ನಗಬಹುದು.

ಅಕ್ಕ ಬಿ.ಕಾಂ. ಮುಗಿಸಿ ಬೆಂಗಳೂರಿನ ಕಂಪನಿಯೊಂದರ ಗ್ರಾಹಕ ಸೇವೆಗೆ ಆಯ್ಕೆಯಾಗಿದ್ದಳು. ಮನೆಯಿಂದಲೇ ಕೆಲಸ. ಲ್ಯಾಪ್‌ಟಾಪ್, ಹೆಡ್‌ಸೆಟ್ ಕೊರಿಯರ್‌ನಲ್ಲಿ ಬಂದವು. ಮೈಸೂರಿನಲ್ಲಿ ಯಾರೋ ಕಂಪನಿಯ ನಂಬರ್ ಒತ್ತಿದರೆ ಆಳಂದದ ಪಡಸಾಲೆಯಲ್ಲಿ ಅಕ್ಕನ ಲ್ಯಾಪ್‌ಟಾಪ್ ರಿಂಗಾಗುತ್ತಿತ್ತು. ಅವ್ವ ರೊಟ್ಟಿ ಬಡಿಯುವ ಸದ್ದು ಗ್ರಾಹಕರಿಗೆ ಕೇಳಬಾರದೆಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಇದು ಸಾಧ್ಯವಾದದ್ದು ವಿಒಐಪಿಯಿಂದ, ಅಂದರೆ ಇಂಟರ್‌ನೆಟ್ ದಾರಿಯಲ್ಲಿ ಮಾತನ್ನು ಸಾಗಿಸುವ ತಂತ್ರಜ್ಞಾನದಿಂದ. ಮೊದಲು ಕಚೇರಿಗಳಲ್ಲಿ ಇಪಿಎಬಿಎಕ್ಸ್ ಎಂಬ ಪೆಟ್ಟಿಗೆ ಇರುತ್ತಿತ್ತು. ಪ್ರತಿ ಮೇಜಿಗೂ ಅಲ್ಲಿಂದ ಒಂದೊಂದು ತಂತಿ. ಈಗ ಆ ಪೆಟ್ಟಿಗೆಯೇ ಸಾಫ್ಟ್‌ವೇರ್ ಆಗಿದೆ. ಕರೆ, ವಿಡಿಯೊ ಸಭೆ, ಚಾಟ್, ವಾಯ್ಸ್‌ಮೇಲ್, ಯಾರು ಸೀಟಿನಲ್ಲಿದ್ದಾರೆ ಎಂಬ ಮಾಹಿತಿ ಎಲ್ಲವೂ ಒಂದೇ ಲಾಗಿನ್‌ನಲ್ಲಿ ಸಿಗುತ್ತವೆ. ಇದಕ್ಕೆ ಯೂನಿಫೈಡ್ ಕಮ್ಯುನಿಕೇಷನ್ಸ್ ಎಂಬ ದೊಡ್ಡ ಹೆಸರು. ಸಾಫ್ಟ್‌ವೇರಿಗೆ ಊರಿನ ಹಂಗಿಲ್ಲ. ಹಂಗಿದ್ದದ್ದು ಕಾನೂನಿಗೆ. ಕಾಲ್ ಸೆಂಟರ್ ಉದ್ಯೋಗಿ ಮನೆಯಿಂದ ಕೆಲಸ ಮಾಡಬೇಕಿದ್ದರೆ ಕಂಪನಿ ಭಾರಿ ಠೇವಣಿ ಇಡಬೇಕಿತ್ತು. ಲಾಕ್‌ಡೌನ್ ಸಮಯದಲ್ಲಿ ಸಡಿಲಿಸಿದ ಈ ನಿಯಮಗಳನ್ನು ದೂರಸಂಪರ್ಕ ಇಲಾಖೆ 2020ರ ನವೆಂಬರ್‌ನಲ್ಲಿ ಕೈಬಿಟ್ಟಿತು. ಕಾಗದದ ಮೇಲೆ ಅಂದಿನಿಂದ ಆಳಂದವೂ ಒಂದೇ, ಬೆಂಗಳೂರಿನ ವೈಟ್‌ಫೀಲ್ಡೂ ಒಂದೇ.

ಕಾಗದದ ಮೇಲೆ ಮಾತ್ರ. ಎರಡೇ ತಿಂಗಳಲ್ಲಿ ಅಕ್ಕನಿಗೆ ಮೇಲ್ ಬಂತು: ಕರೆಗಳು ಮಧ್ಯೆ ಕಡಿತವಾಗುತ್ತಿವೆ, ಧ್ವನಿ ಗುಣಮಟ್ಟ ಕಡಿಮೆ, ಸೇವೆ ಮುಂದುವರಿಸಲಾಗದು. ‘ಸ್ಪೀಡ್ ಚೆನ್ನಾಗೇ ಐತಲ್ಲೋ’ ಎಂದು ಅಕ್ಕ ನನ್ನ ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗೆ ಇದಕ್ಕಿಂತ ಅವಮಾನ ಬೇಕೆ?

ಕಲಬುರಗಿಯ ನಮ್ಮ ರೂಮಿನಲ್ಲಿ ಮೂವರಿದ್ದೇವೆ. ನಾನು ಆಳಂದ, ಒಬ್ಬ ಅಫಜಲಪುರ, ಇನ್ನೊಬ್ಬ ಜೇವರ್ಗಿ. ಆಸ್ಟರಿಸ್ಕ್ ಎಂಬ ಉಚಿತ ಸಾಫ್ಟ್‌ವೇರ್ ಇದೆ, 1999ರಲ್ಲಿ ಮಾರ್ಕ್ ಸ್ಪೆನ್ಸರ್ ಬರೆದದ್ದು. ಅದನ್ನು ಬಾಡಿಗೆ ಸರ್ವರ್ ಒಂದರಲ್ಲಿ ಹಾಕಿ ನಮ್ಮದೇ ಎಕ್ಸ್‌ಚೇಂಜ್ ಮಾಡಿಕೊಂಡೆವು. ರಜೆಗೆ ಮೂವರೂ ಊರಿಗೆ ಹೋಗಿ ಮೊಬೈಲ್ ಆ್ಯಪ್‌ನಿಂದ ಒಬ್ಬರಿಗೊಬ್ಬರು ಕರೆ ಮಾಡುವುದು ಯೋಜನೆ. (ಆ್ಯಪ್‌ನಿಂದ ಆ್ಯಪ್‌ಗೆ ಮಾತ್ರ. ಲೈಸೆನ್ಸ್ ಇಲ್ಲದೆ ಇಂಥದ್ದನ್ನು ಸಾಮಾನ್ಯ ಫೋನ್ ಜಾಲಕ್ಕೆ ಜೋಡಿಸುವುದು ಅಪರಾಧ, ಆ ಕಡೆ ಕೈ ಹಾಕಬೇಡಿ.)

ಮೊದಲ ದಿನ ಅಫಜಲಪುರದವನಿಗೆ ನನ್ನ ಮಾತು ಕೇಳುತ್ತಿತ್ತು, ಅವನ ಮಾತು ನನಗಿಲ್ಲ. ‘ಕೇಳವಲ್ದಲೇ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಜಗಳವಾಡಿದೆವು. ಕರೆಯನ್ನು ಹೊಂದಿಸುವುದು ‘ಸಿಪ್’ ಎಂಬ ನಿಯಮಾವಳಿ, ಮಾತನ್ನು ಹೊರುವುದು ‘ಆರ್‌ಟಿಪಿ’ ಎಂಬ ಇನ್ನೊಂದು. ನನ್ನ ಫೋನ್ ಸಿಪ್ ಮೂಲಕ ಕೊಟ್ಟ ವಿಳಾಸ ಮನೆಯ ರೂಟರಿನ ಒಳಗಷ್ಟೇ ನಡೆಯುವಂಥದ್ದು. ಹೊರಗಿನಿಂದ ಮಾತು ಆ ವಿಳಾಸಕ್ಕೆ ಬರಲು ದಾರಿಯೇ ಇಲ್ಲ. ಸರಿಪಡಿಸಲು ಎರಡು ದಿನ ಹಿಡಿಯಿತು.

ಆಮೇಲೆ ಗೊತ್ತಾದದ್ದು ಸ್ಪೀಡಿನ ಸತ್ಯ. ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತಾರೆ, ಪ್ರತಿ ಅಳತೆಗೆ 8 ಬಿಟ್. ಒಟ್ಟು 64 ಕಿಲೋಬಿಟ್. ಅದನ್ನು ಸೆಕೆಂಡಿಗೆ 50 ಪ್ಯಾಕೆಟ್ ಮಾಡಿ ಮೇಲೆ ವಿಳಾಸ ಬರೆದರೆ 80 ಕಿಲೋಬಿಟ್. ಯೂಟ್ಯೂಬ್ ನೋಡುವವರಿಗೆ ಇದು ಯಾವ ಲೆಕ್ಕ? ಬೇಕಾದದ್ದು ಸ್ಪೀಡಲ್ಲ, ಶಿಸ್ತು. ಹುಣ್ಣಿಮೆಗೆ ಗಾಣಗಾಪುರಕ್ಕೆ ಹೊರಟ ಒಂದೇ ಮನೆಯವರು ಬೇರೆ ಬೇರೆ ಟಂಟಂ ಹತ್ತಿದಂತೆ ಪ್ಯಾಕೆಟ್‌ಗಳು. ಹೊರಡುವುದು ಒಟ್ಟಿಗೆ, ಮುಟ್ಟುವುದು ಹಿಂದೆಮುಂದೆ. ಎಲ್ಲರೂ ಬರಲೆಂದು ಫೋನ್ ಸ್ವಲ್ಪ ಕಾಯುತ್ತದೆ. ತೀರಾ ತಡವಾದವರನ್ನು ಬಿಟ್ಟು ಹೊರಡುತ್ತದೆ. ಬಿಟ್ಟುಹೋದ ಪ್ಯಾಕೆಟ್ಟೇ ನಮಗೆ ನುಂಗಿದ ಅಕ್ಷರವಾಗಿ ಕೇಳುವುದು. ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ಮಾತು ಮುಟ್ಟಿದರೆ ಸಂಭಾಷಣೆ ಸಲೀಸು ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. ಜೇವರ್ಗಿ ಪಟ್ಟಣದಿಂದ ಮಾತು ಗಂಟೆ ಹೊಡೆದಂತೆ ಸ್ಪಷ್ಟವಿತ್ತು. ಅಫಜಲಪುರದ ಗೆಳೆಯನ ಹಳ್ಳಿಯಿಂದ ಸಂಜೆಯಾದರೆ ಅರ್ಧ ಅಕ್ಷರಗಳಷ್ಟೇ. ನಮ್ಮ ಮನೆಯಿಂದ ಕರೆಂಟ್ ಇರುವವರೆಗೆ ಚೆನ್ನ, ಹೋದರೆ ಪೂರ್ತಿ ಮೌನ.

ಅಫಜಲಪುರದವನು ಆಗ 2020ರ ಅಕ್ಟೋಬರ್ ನೆನಪಿಸಿದ. ಭೀಮಾ ಉಕ್ಕಿ ಅವನ ತಾಲ್ಲೂಕು, ಜೇವರ್ಗಿ ತಾಲ್ಲೂಕುಗಳ ನದಿದಂಡೆಯ ಊರುಗಳಿಗೆ ನೀರು ನುಗ್ಗಿದಾಗ ಅವರ ಊರಲ್ಲಿ ಕರೆಂಟ್ ಇರಲಿಲ್ಲವಂತೆ. ಒಂದೊಂದೇ ಮೊಬೈಲ್ ಆರಿಹೋಯಿತಂತೆ. ದೋಣಿ ಬೇಕೆಂದು ಹೇಳಲೂ ಫೋನಿಲ್ಲ.

1986ರಲ್ಲಿ ಸಿ-ಡಾಟ್ ರೂಪಿಸಿದ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಕೆಲಸ ಶುರುಮಾಡಿದ್ದು ನಮ್ಮ ಕಿತ್ತೂರಿನಲ್ಲೇ. ಎ.ಸಿ. ಇಲ್ಲದೆ, ಧೂಳು, ಬಿಸಿಲಿನಲ್ಲಿ ನಡೆಯಬೇಕು ಎಂದೇ ಅದನ್ನು ಮಾಡಿದ್ದರು. ಹಳ್ಳಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ ಯಂತ್ರ ಅದು. ಈಗಿನ ಐಪಿ ಫೋನ್ ವ್ಯವಸ್ಥೆ ಜನರೇಟರ್ ಇರುವ ಕಚೇರಿಗಳನ್ನು ನೋಡಿ ಬೆಳೆದದ್ದು, ಅಲ್ಲಿ ಡೇಟಾ ತಂತಿಯಲ್ಲೇ ಫೋನಿಗೆ ವಿದ್ಯುತ್ ಕೊಡುತ್ತಾರೆ. ನಮ್ಮ ಊರಿಗೆ ಬರುವಾಗ ಆ ಭಾಗವನ್ನು ಅಲ್ಲೇ ಬಿಟ್ಟು ಬಂದಿದೆ.

ಅಕ್ಕನಿಗೆ ಉತ್ತರ ಕೊನೆಗೂ ಸಿಕ್ಕಿತು. ರೂಟರಿಗೆ ಬೇಕಾದದ್ದು 12 ವೋಲ್ಟ್, ಅಂಗೈಯಗಲದ ಯುಪಿಎಸ್ ಸಾಕು. ತಂದು ಹಾಕಿದೆವು. ಕರೆಂಟ್ ಹೋಯಿತು, ರೂಟರಿನ ದೀಪ ಉರಿಯುತ್ತಲೇ ಇತ್ತು, ಇಂಟರ್‌ನೆಟ್ ಮಾತ್ರ ಇಲ್ಲ. ಹೊರಗೆ ಬಂದು ನೋಡಿದರೆ ಗಲ್ಲಿಯ ಕಂಬದ ಮೇಲೆ ಕೇಬಲ್‌ನವರ ಸ್ವಿಚ್ ಡಬ್ಬಿ. ಫೈಬರ್ ಅಲ್ಲಿಯವರೆಗೆ ಮಾತ್ರ, ಅಲ್ಲಿಂದ ಮನೆಗೆ ಲ್ಯಾನ್ ತಂತಿ. ಆ ಡಬ್ಬಿಗೆ ಬ್ಯಾಟರಿ ಇಲ್ಲ.

ಅಷ್ಟರಲ್ಲಿ ಅಕ್ಕ ಬೆಂಗಳೂರಿಗೆ ಹೋಗಿಯಾಗಿತ್ತು. ಪಿಜಿಯ ಮಂಚದ ಮೇಲೆ ಕುಳಿತು ಬೇರೊಂದು ಕಂಪನಿಗೆ ಅದೇ ಕೆಲಸ, ಅಂಥದ್ದೇ ಸಾಫ್ಟ್‌ವೇರ್. ಸಂಬಳದ ಅರ್ಧ ಬಾಡಿಗೆಗೆ. ಡಬ್ಬಿಗೆ ಒಂದು ಬ್ಯಾಟರಿ ಹಾಕಿಸಿ ಎಂದು ಕೇಬಲ್‌ನವರಿಗೆ ಹೇಳಿದ್ದೇನೆ, ಗಲ್ಲಿಯವರೆಲ್ಲ ಸೇರಿ ಪಟ್ಟಿ ಹಾಕುತ್ತೇವೆ ಎಂದೂ ಹೇಳಿದ್ದೇನೆ. ‘ನೋಡೂಣು ತಮ್ಮಾ’ ಅಂದಿದ್ದಾರೆ.