ಚಾರ್ಜರ್ ಕೊಡದ ಕಂಪನಿ, ಕೇಳದ ಸರ್ಕಾರ, ಕರೆಂಟಿಲ್ಲದ ಮಲೆನಾಡು

ಶೃಂಗೇರಿ, ಕೊಪ್ಪ, ನರಸಿಂಹರಾಜಪುರ. ಮೂರು ತಾಲ್ಲೂಕು, ಒಂದೇ ವಿಧಾನಸಭಾ ಕ್ಷೇತ್ರ. ಮಳೆಗಾಲ ಶುರುವಾಯಿತೆಂದರೆ ಇಲ್ಲಿ ಕರೆಂಟ್ ಅನ್ನೋದು ಬಂದು ಹೋಗುವ ನೆಂಟ. ಮೆಸ್ಕಾಂ ಲೈನು ಕಾಡು, ತೋಟಗಳ ನಡುವೆ ಹಾದು ಬರುತ್ತದೆ. ಒಂದು ಮರ ಬಿದ್ದರೆ ಇಡೀ ಊರಿಗೆ ಕತ್ತಲೆ. (ನರಸಿಂಹರಾಜಪುರದ ಜನ ಭದ್ರಾ ಜಲಾಶಯಕ್ಕೆ ನೆಲ ಬಿಟ್ಟುಕೊಟ್ಟವರು. ಆ ಅಣೆಕಟ್ಟಿನಲ್ಲಿ ವಿದ್ಯುತ್ತೂ ತಯಾರಾಗುತ್ತದೆ. ಅದು ಬೇರೆಯೇ ಕತೆ.) ಹಾಗಾಗಿ ಕರೆಂಟ್ ಬಂದ ಅರ್ಧ ಗಂಟೆಯಲ್ಲಿ ಮನೆಯಲ್ಲಿರೋದೆಲ್ಲ ಚಾರ್ಜ್ ಆಗಬೇಕು: ಫೋನು, ಹೆಡ್ ಟಾರ್ಚ್, ಎಮರ್ಜೆನ್ಸಿ ಲೈಟು, ಬೆನ್ನಿಗೆ ಹಾಕಿಕೊಳ್ಳುವ ಬ್ಯಾಟರಿ ಸ್ಪ್ರೇಯರ್. ಯಾವುದರ ಚಾರ್ಜರ್ ಯಾವುದು ಅಂತ ನೋಡೋ ವ್ಯವಧಾನ ಯಾರಿಗಿರುತ್ತೆ? ಕೈಗೆ ಸಿಕ್ಕ ವೈರು, ಒಳಗೆ ಕೂತ ಪಿನ್ನು.

ಇದಕ್ಕೆ ಸಿಗುವ ಸಿದ್ಧ ಉಪದೇಶ: "ಒರಿಜಿನಲ್ ಚಾರ್ಜರ್ ಮಾತ್ರ ಬಳಸಿ." ಯಾವ ಒರಿಜಿನಲ್? 2020ರ ಅಕ್ಟೋಬರ್‌ನಲ್ಲಿ ಆಪಲ್ ಕಂಪನಿ ಐಫೋನ್ 12ರ ಬಾಕ್ಸಿನಿಂದ ಚಾರ್ಜರ್ ತೆಗೆಯಿತು. ಮೂರೇ ತಿಂಗಳಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್21 ಕೂಡ ಅದೇ ದಾರಿ ಹಿಡಿಯಿತು. ಕೊಟ್ಟ ಕಾರಣ ಪರಿಸರ. ಬ್ರೆಜಿಲ್ ಇದನ್ನು ಒಪ್ಪಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಆಪಲ್‌ಗೆ ದಂಡ ಹಾಕಿ, ಚಾರ್ಜರ್ ಇಲ್ಲದ ಐಫೋನ್ ಮಾರಬೇಡಿ ಅಂತ ಆದೇಶಿಸಿತು. ನಮ್ಮಲ್ಲಿ ಅಂಥ ಸದ್ದೇ ಕೇಳಲಿಲ್ಲ. ಚಾರ್ಜರ್ ಹುಡುಕಿಕೊಳ್ಳುವ ಹೊಣೆ ಸದ್ದಿಲ್ಲದೆ ಗ್ರಾಹಕನ ತಲೆಗೆ ಬಂತು.

ನಿಜ ಹೇಳಬೇಕೆಂದರೆ ಫೋನಿನ ಮಟ್ಟಿಗೆ "ಒರಿಜಿನಲ್" ಅನ್ನೋದು ಅಷ್ಟೇನೂ ಮುಖ್ಯವಲ್ಲ. ಚಾರ್ಜರ್ ಮೇಲಿರುವ ಆಂಪಿಯರ್ ಅದರ ಸಾಮರ್ಥ್ಯ ಮಾತ್ರ. ಎಷ್ಟು ಎಳೆದುಕೊಳ್ಳಬೇಕು ಅಂತ ತೀರ್ಮಾನಿಸುವುದು ಫೋನು. ಟೈಪ್-ಸಿ ಚಾರ್ಜರ್ ಮೊದಲು 5 ವೋಲ್ಟ್ ಮಾತ್ರ ಕೊಡುತ್ತದೆ. ಫೋನು ಕೇಳಿದರಷ್ಟೇ 9ಕ್ಕೆ ಏರುತ್ತದೆ, ಲ್ಯಾಪ್‌ಟಾಪ್ ಕೇಳಿದರೆ 20ಕ್ಕೆ. ಅಂದ್ರೆ 65 ವ್ಯಾಟ್‌ನ ಒಳ್ಳೆಯ ಲ್ಯಾಪ್‌ಟಾಪ್ ಚಾರ್ಜರನ್ನು ಫೋನಿಗೆ ಹಾಕಿದರೆ ಫೋನು ಸುಡೋದಿಲ್ಲ. ಒಂದು ಕಂಪನಿಯ ಫಾಸ್ಟ್ ಚಾರ್ಜಿಂಗ್ ಇನ್ನೊಂದರ ಚಾರ್ಜರ್‌ನಲ್ಲಿ ನಡೆಯದೇ ಹೋಗಬಹುದು. ಆಗ ನಿಧಾನವಾಗಿ ಚಾರ್ಜ್ ಆಗುತ್ತದೆ, ಅಷ್ಟೆ.

ಅಪಾಯ ಇರೋದು ಉರುಟು ಪಿನ್ನಿನಲ್ಲಿ. ವೈಫೈ ರೂಟರ್, ಸೆಟ್‌ಟಾಪ್ ಬಾಕ್ಸ್, ಎಮರ್ಜೆನ್ಸಿ ಲೈಟು, ಸ್ಪ್ರೇಯರ್: ಪಿನ್ನು ನೋಡೋಕೆ ಒಂದೇ ಥರ, ಒಳಗಿನ ವೋಲ್ಟೇಜ್ ಬೇರೆ ಬೇರೆ. ಇಲ್ಲಿ ಕೇಳುವುದು, ಒಪ್ಪುವುದು ಏನೂ ಇಲ್ಲ. 12 ವೋಲ್ಟ್ ಅಡಾಪ್ಟರ್ ತನ್ನ ಮುಂದೆ ಏನೇ ಇದ್ದರೂ 12 ವೋಲ್ಟನ್ನೇ ತಳ್ಳುತ್ತದೆ. ಸ್ಪ್ರೇಯರ್ ಕತೆ ಇನ್ನೂ ತೊಡಕಿನದು. ಹಳೆಯ ಸ್ಪ್ರೇಯರ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್‌ನ ಲೆಡ್ ಆಸಿಡ್ ಬ್ಯಾಟರಿ ಇರುತ್ತದೆ. ಅದರ ಚಾರ್ಜರ್ 14 ವೋಲ್ಟ್ ದಾಟುತ್ತದೆ. ಈಗ ಬರುತ್ತಿರುವ ಲಿಥಿಯಂ ಸ್ಪ್ರೇಯರ್‌ನಲ್ಲಿ ಮೂರು ಸೆಲ್ ಜೋಡಿಸಿದ್ದರೆ 12.6 ವೋಲ್ಟ್‌ಗೆ ನಿಲ್ಲಬೇಕು. ಹಳೆಯ ಚಾರ್ಜರ್ ಹೊಸದಕ್ಕೆ ಹಾಕಿದರೆ, ಒಳಗಿನ ಕಾವಲು ಸರ್ಕ್ಯೂಟ್ ಕೈಕೊಟ್ಟಾಗ ಸೆಲ್ ಉಬ್ಬಬಹುದು, ಬೆಂಕಿಯೂ ಹತ್ತಬಹುದು. ಇಷ್ಟಾಗಿ ಈ ಸಾಮಾನು ಚಾರ್ಜ್ ಆಗೋದು ಎಲ್ಲಿ? ಒಣ ಅಡಿಕೆ, ಗೋಣಿಚೀಲ ಇಟ್ಟಿರುವ ಕೋಣೆಯಲ್ಲೇ.

ಹಾಗಾಗಿ ಉರುಟು ಪಿನ್ನಿನ ಅಡಾಪ್ಟರ್ ಬದಲಿಸುವಾಗ ವೋಲ್ಟ್ ಸರಿಯಾಗಿ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಹೆಚ್ಚು ಇರಬೇಕು, ಪ್ಲಸ್-ಮೈನಸ್ ಗುರುತಿನ ಚಿತ್ರ ಎರಡರಲ್ಲೂ ಒಂದೇ ಆಗಿರಬೇಕು. ಬ್ಯಾಟರಿಗೆ ನೇರ ಹಾಕುವ ಚಾರ್ಜರ್ ಆದರೆ ಬ್ಯಾಟರಿಯ ಜಾತಿಯೂ ಹೊಂದಬೇಕು. ಅಕ್ಷರ ಅಳಿಸಿ ಹೋಗಿದ್ದರೆ ಅದನ್ನು ಮುಟ್ಟಬೇಡಿ.

ಇನ್ನು ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯ ಅಗ್ಗದ ಚಾರ್ಜರ್. 230 ವೋಲ್ಟ್ ಇರುವ ಭಾಗಕ್ಕೂ ನಿಮ್ಮ ಕೈಗೆ ಬರುವ 5 ವೋಲ್ಟ್‌ಗೂ ನಡುವೆ ಗಟ್ಟಿ ಗೋಡೆ ಇರಬೇಕು. ದುಡ್ಡು ಉಳಿಸೋಕೆ ಮೊದಲು ತೆಳ್ಳಗಾಗುವುದು ಆ ಗೋಡೆಯೇ. ಮಳೆಗಾಲದ ತೇವ, ಬರಿಗಾಲು, ಚಾರ್ಜಿಗೆ ಹಾಕಿಯೇ ಮಾತಾಡುವ ಅಭ್ಯಾಸ ಸೇರಿದರೆ ಮುಗೀತು. ಕಾನೂನು ಇಲ್ಲ ಅಂತಲ್ಲ. ಪವರ್ ಅಡಾಪ್ಟರ್, ಪವರ್ ಬ್ಯಾಂಕ್‌ಗಳನ್ನು 2014ರಲ್ಲೇ ಬಿಐಎಸ್ ಕಡ್ಡಾಯ ನೋಂದಣಿಗೆ ಸೇರಿಸಲಾಗಿದೆ. ಚಾರ್ಜರ್ ಮೇಲೆ ಬಿಐಎಸ್ ಗುರುತು, 'ಆರ್' ಅಕ್ಷರದಿಂದ ಶುರುವಾಗುವ ಸಂಖ್ಯೆ ಇರಲೇಬೇಕು. 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾರದು, ಯಾವ ಸಾಮಾನಿಗೆ ಕೊಟ್ಟಿದ್ದು ಅಂತ ಬರುತ್ತದೆ. ನಿಮ್ಮಲ್ಲಿರುವ ಚಾರ್ಜರ್‌ದ್ದನ್ನೇ ಒಮ್ಮೆ ಹಾಕಿ ನೋಡಿ. ಆದರೆ ಸಂಖ್ಯೆಯೇ ಇಲ್ಲದ ಚಾರ್ಜರ್ ಅಂಗಡಿಯ ಮೊಳೆಗೆ ನೇತಾಡುತ್ತಿದ್ದರೆ ಕೇಳುವವರು ಯಾರು? ಚಿಲ್ಲರೆ ಅಂಗಡಿಯವನನ್ನು ಹಿಡಿದು ಪ್ರಯೋಜನವಿಲ್ಲ. ಕಂಟೇನರ್‌ಗಟ್ಟಲೆ ತರಿಸುವವರನ್ನು ಬಂದರಿನಲ್ಲೇ ತಡೆಯಬೇಕಿತ್ತು.

ಯುರೋಪಿಯನ್ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಫೋನು, ಟ್ಯಾಬ್, ಹೆಡ್‌ಫೋನುಗಳಿಗೆ ಟೈಪ್-ಸಿ ಕಡ್ಡಾಯ. ಲ್ಯಾಪ್‌ಟಾಪ್‌ಗೆ ಗಡುವು 2026ರ ಏಪ್ರಿಲ್ 28. ಭಾರತದಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಕಂಪನಿಗಳ ಜೊತೆ ಸಭೆ ನಡೆಸಿತು, ಬಿಐಎಸ್ ಟೈಪ್-ಸಿಗೆ ಮಾನದಂಡವನ್ನೂ ಹೊರಡಿಸಿತು. ಮಾನದಂಡ ಹೊರಡಿಸೋದು ಬೇರೆ, ಕಡ್ಡಾಯ ಮಾಡೋದು ಬೇರೆ. ಅದಕ್ಕಿಂತ ಕಾಡುವ ಪ್ರಶ್ನೆ ಇನ್ನೊಂದಿದೆ. ಯುರೋಪಿನ ಪಟ್ಟಿಯಲ್ಲೂ ಟಾರ್ಚ್ ಇಲ್ಲ, ಸ್ಪ್ರೇಯರ್ ಇಲ್ಲ. ಅದನ್ನೇ ನಾವು ನಕಲು ಹೊಡೆದರೆ ಹೇಗಿದ್ದರೂ ಟೈಪ್-ಸಿಗೆ ಬಂದಾಗಿರುವ ಫೋನಿಗೆ ಮತ್ತೊಂದು ನಿಯಮ ಸಿಗುತ್ತದೆ. ತೋಟದ ಕೆಲಸದವರ ಹಣೆಯ ಮೇಲಿನ ಲೈಟಿಗೆ ಏನೂ ಸಿಗೋದಿಲ್ಲ. ನನ್ನ ಪ್ರಕಾರ ಪಟ್ಟಿ ಅಲ್ಲಿಂದಲೇ ಶುರುವಾಗಬೇಕು.

ಮೆಸ್ಕಾಂಗೂ ಒಂದು ಮಾತು. ಗುಡುಗು-ಸಿಡಿಲಿನ ಹೊತ್ತಲ್ಲಿ ಸ್ವಿಚ್ ಆಫ್ ಮಾಡಿದರೆ ಸಾಲದು, ಚಾರ್ಜರನ್ನೇ ಕಿತ್ತಿಡಬೇಕು. ಸ್ವಿಚ್ ಒಂದು ತಂತಿಯನ್ನಷ್ಟೇ ಕಡಿಯುತ್ತದೆ, ಇನ್ನೊಂದರಲ್ಲಿ ಸಿಡಿಲು ಬರಬಹುದು. ಕರೆಂಟ್ ವಾಪಸ್ ಬಂದ ತಕ್ಷಣ ವೋಲ್ಟೇಜ್ ಎದ್ದುಬೀಳುವುದರಿಂದ ಐದತ್ತು ನಿಮಿಷ ಕಾಯಬೇಕು. ಇದನ್ನು ಬಿಲ್ಲಿನ ಹಿಂಬದಿಯಲ್ಲಿ ಕನ್ನಡದಲ್ಲಿ ಅಚ್ಚು ಹಾಕೋಕೆ ಎಷ್ಟು ಖರ್ಚಾದೀತು? ಆದರೆ ದಿನಕ್ಕೆ ಅರ್ಧ ಗಂಟೆ ಮಾತ್ರ ಕರೆಂಟ್ ಇರುವ ಮನೆಗೆ "ಹತ್ತು ನಿಮಿಷ ಕಾಯಿರಿ" ಅನ್ನೋ ಮೊದಲು, ಆ ಲೈನಿನ ಮೇಲೆ ಬಾಗಿರುವ ಕೊಂಬೆಗಳನ್ನು ಮಳೆಗಾಲಕ್ಕೆ ಮುಂಚೆ ಯಾಕೆ ಕಡಿಯಲಿಲ್ಲ ಅಂತ ಮೆಸ್ಕಾಂ ಹೇಳಬೇಕಾಗುತ್ತದೆ.