ಮಾದರಿ ಎಂಜಿನ್ನು, ಮಾಸ್ತರರ ಅಳತೆ

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಸಾಣಾಪುರದ ಹುಡುಗನೊಬ್ಬ ರಟ್ಟಿನಿಂದ ಡೀಸೆಲ್ ರೈಲು ಎಂಜಿನ್ನಿನ ಮಾದರಿ ಮಾಡಿ ತಂದಿದ್ದ. ಒಂಬತ್ತನೆಯ ತರಗತಿಯವನು. ಎಂಜಿನ್ನಿನ ಕೆಳಗೆ ಹಿಂದೊಂದು ಮುಂದೊಂದು ಬೋಗಿ. ಪ್ರತಿ ಬೋಗಿಗೆ ಮೂರು ಜೊತೆ ಗಾಲಿ. ಆದರೆ ಗಾಲಿಗಳ ನಡುವಿನ ಅಂತರ ಸಮನಾಗಿರಲಿಲ್ಲ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ. ‘ಅಳತೆ ತಪ್ಪಿದೆ’ ಎಂದು ಐದು ಅಂಕ ಕಳೆದೆ.

“ಇಲ್ರೀ ಸರ್, ಹೊಸಪೇಟಿ ಸ್ಟೇಷನ್ದಾಗ ಹಿಂಗ ಐತ್ರಿ” ಎಂದ. ನಾನು ಕಿವಿಗೊಡಲಿಲ್ಲ. ಬಹುಮಾನ ಬೇರೆಯವರ ಪಾಲಾಯಿತು.

ಮುಂದಿನ ಭಾನುವಾರ ಹೊಸಪೇಟೆಗೆ ಹೋಗಿದ್ದೆ. ಎದುರಿನ ಹಳಿಯ ಮೇಲೆ ಅದೇ ಜಾತಿಯ ಎಂಜಿನ್ನು ನಿಂತಿತ್ತು. ನೋಡಿದರೆ ಹುಡುಗ ಹೇಳಿದ್ದೇ ನಿಜ!

ಅದು ಡಬ್ಲ್ಯೂ.ಡಿ.ಎಂ.-2. ‘ಡಬ್ಲ್ಯೂ’ ಎಂದರೆ ಬ್ರಾಡ್‌ಗೇಜ್, ‘ಡಿ’ ಡೀಸೆಲ್, ‘ಎಂ’ ಎಂದರೆ ಪ್ರಯಾಣಿಕರ ಗಾಡಿ, ಸರಕು ಗಾಡಿ ಎರಡನ್ನೂ ಎಳೆಯುವಂಥದು. ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸ. 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲಿ ತಯಾರಾಯಿತು. ಶಕ್ತಿ 2600 ಅಶ್ವಶಕ್ತಿ. ಇದರ ಬೋಗಿಯಲ್ಲಿ ಪ್ರತಿ ಅಚ್ಚಿಗೂ ಒಂದೊಂದು ವಿದ್ಯುತ್ ಮೋಟಾರು. ಅವುಗಳನ್ನು ಕೂರಿಸಿದ ರೀತಿಯಿಂದಾಗಿ ಅಚ್ಚುಗಳ ಅಂತರ ಸಮನಾಗಿಲ್ಲ. ನಾನು ಅಂದದ ಸಮತೆಯನ್ನು ಹುಡುಕಿದ್ದೆ. ಹುಡುಗ ಎಂಜಿನ್ನನ್ನೇ ನೋಡಿದ್ದ.

ಹಾಗಾದರೆ ಮಾದರಿ ಸರಿಯಿದೆಯೇ ಎಂದು ಪರೀಕ್ಷಿಸುವುದು ಹೇಗೆ? ಒಂದು ಅಳತೆ ಸಾಲದು, ಕನಿಷ್ಠ ಮೂರು ಬೇಕು. ನಿಜವಾದ ಎಂಜಿನ್ನಿನ ಉದ್ದ 17.12 ಮೀಟರ್, ಹೊಸ ಗಾಲಿಯ ವ್ಯಾಸ 1092 ಮಿ.ಮೀ., ಹಳಿಗಳ ನಡುವಿನ ಅಂತರ 1676 ಮಿ.ಮೀ. ಮಾದರಿ 1:40 ಪ್ರಮಾಣದ್ದಾದರೆ ಉದ್ದ 42.8 ಸೆಂ.ಮೀ., ಗಾಲಿ 2.7 ಸೆಂ.ಮೀ., ಹಳಿಯ ಅಂತರ 4.2 ಸೆಂ.ಮೀ. ಬರಬೇಕು. ಉದ್ದದಲ್ಲಿ 40, ಗಾಲಿಯಲ್ಲಿ 50 ಬಂದರೆ ಅದು ಮಾದರಿಯಲ್ಲ, ಆಟಿಕೆ. ಅಚ್ಚುಗಳ ಅಂತರವನ್ನು ನೇರ ಪಕ್ಕದಿಂದ ತೆಗೆದ ಫೋಟೋದೊಂದಿಗೆ ಹೋಲಿಸಿ. ಫೋಟೋ ಓರೆಯಾಗಿದ್ದರೆ ಅನುಪಾತ ಕೆಡುತ್ತದೆ. ಇದಕ್ಕಾಗಿ ಹಳಿಗೆ ಇಳಿಯಬೇಡಿ. ಎದುರಿನ ಪ್ಲಾಟ್‌ಫಾರ್ಮ್ ಸಾಕು.

ಪೇಟೆಯಲ್ಲಿ ಸಿಗುವ ‘ಎಚ್.ಒ.’ ಮಾದರಿಗಳು 1:87 ಪ್ರಮಾಣದವು. ಅವುಗಳ ಹಳಿ 16.5 ಮಿ.ಮೀ. ಇದನ್ನು 87ರಿಂದ ಗುಣಿಸಿದರೆ 1435 ಮಿ.ಮೀ., ಅಂದರೆ ಯೂರೋಪ್, ಅಮೆರಿಕಗಳ ಹಳಿ. ನಮ್ಮ ಬ್ರಾಡ್‌ಗೇಜಿಗೆ 19.3 ಮಿ.ಮೀ. ಬೇಕು. ಆ ಹಳಿಯ ಮೇಲೆ ಓಡುವ ನಮ್ಮ ಎಂಜಿನ್ನಿನ ಮಾದರಿಯಲ್ಲಿ ಈ ಸುಮಾರು 3 ಮಿ.ಮೀ. ಕೊರತೆ ತಿಳಿದೇ ಒಪ್ಪಿಕೊಂಡದ್ದು. ತಿಳಿದು ಒಪ್ಪಿದ ಕೊರತೆ ಬೇರೆ, ತಿಳಿಯದೆ ಮಾಡಿದ ತಪ್ಪು ಬೇರೆ.

ತೂಕಕ್ಕೆ ಮಾತ್ರ ಈ ಲೆಕ್ಕ ನಡೆಯದು. ಎಂಜಿನ್ನಿನ ತೂಕ 112.8 ಟನ್. 40ರಿಂದ ಭಾಗಿಸಿದರೆ ರಟ್ಟಿನ ಮಾದರಿ 2.8 ಟನ್ ತೂಗಬೇಕಾದೀತು! ಉದ್ದ, ಅಗಲ, ಎತ್ತರ ಮೂರೂ 40 ಪಟ್ಟು ಕುಗ್ಗುವುದರಿಂದ 64,000ದಿಂದ ಭಾಗಿಸಬೇಕು. ಆಗ ಬರುವುದು ಸುಮಾರು 1.76 ಕಿಲೋ.

ಸೋಮವಾರ ಪ್ರಾರ್ಥನೆಯ ನಂತರ ಎಲ್ಲರೆದುರು ನನ್ನ ತಪ್ಪು ಹೇಳಿ, ಕಳೆದ ಅಂಕ ಹಿಂದಿರುಗಿಸಿದೆ. ಬಹುಮಾನ ಹಂಚಿ ಆಗಿತ್ತು. ಅದನ್ನು ಹಿಂದಿರುಗಿಸಲು ಆಗಲಿಲ್ಲ.

ಪಾಲಕರೇ, ಮಗು ‘ನಾನು ನೋಡೀನಿ’ ಎಂದರೆ ಗದರಿಸುವ ಮೊದಲು ಒಮ್ಮೆ ಜೊತೆಗೆ ಹೋಗಿ ನೋಡಿ ಬನ್ನಿ. ಹೋಗುವಾಗ ಒಂದು ಅಳತೆಪಟ್ಟಿ ಜೇಬಿನಲ್ಲಿರಲಿ.