ಹೀಟರ್ ಆರಿಸಿ ಊರಿಗೆ ಹೊರಡುವ ಜಾಣರಿಗೆ

ಚಳಿಗಾಲ ಶುರುವಾಯ್ತು. ಇಲ್ಲಿ ಶಿಕಾಗೋ ಸುತ್ತಮುತ್ತ ಇರುವ ನಮ್ಮ ಜನರ ಬಾಯಲ್ಲಿ ಈಗ ಎರಡೇ ಮಾತು. ಟಿಕೆಟ್ ಎಷ್ಟಾಯ್ತು, ಎಷ್ಟು ವಾರ ರಜ ಸಿಕ್ತು. ಮೊನ್ನೆ ಒಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಊರಿಗೆ ಹೊರಟಿರುವ ಗೆಳೆಯನೊಬ್ಬ ಬಿಸಿಬೇಳೆಬಾತಿಗೆ ತುಪ್ಪ ಹಾಕಿಕೊಳ್ಳುತ್ತಾ ಹೇಳಿದ: "ಮೂರು ವಾರ ಮನೇಲಿ ಯಾರೂ ಇರಲ್ಲ ಗುರು. ಹೀಟರ್ ಪೂರ್ತಿ ಆಫ್ ಮಾಡಿ ಹೋಗ್ತೀನಿ. ಬರೀ ಗೋಡೆ ಕಾಯಿಸೋಕೆ ನಾನ್ಯಾಕೆ ದುಡ್ಡು ಕೊಡ್ಲಿ?"

ಸುತ್ತ ಕೂತವರೆಲ್ಲ ಹೌದೌದು ಅಂತ ತಲೆಯಾಡಿಸಿದರು. ಎಲ್ಲರೂ ಇಂಜಿನಿಯರುಗಳು! ಊಟಕ್ಕೆ ಕರೆದವರ ಮನೆಯಲ್ಲಿ ಜಗಳ ಯಾಕೆ ಅಂತ ಸುಮ್ಮನಿದ್ದೆ. ಆ ಸಿಟ್ಟನ್ನೆಲ್ಲ ಇಲ್ಲಿ ಕಾರಿಕೊಳ್ತಿದೀನಿ, ಸಹಿಸಿಕೊಳ್ಳಿ.

ಇಷ್ಟೊಂದು ಸಿಟ್ಟು ಯಾಕೆ ಅಂದ್ರೆ, 2024ರಲ್ಲಿ ಆ ಜಾಣ ನಾನೇ ಆಗಿದ್ದೆ.

ಐದು ವರ್ಷದಿಂದ ಸಂಕ್ರಾಂತಿಗೆ ಊರಲ್ಲಿರಲಿಲ್ಲ. ಆ ಸಲ ಹಟ ಹಿಡಿದು ನಾಲ್ಕು ವಾರ ರಜ ಹಾಕಿ ತಿಪಟೂರಿಗೆ ಹೋದೆ. ನನ್ನದು ಮೇಲಿನ ಮಹಡಿಯ ಮೂಲೆ ಮನೆ, ಅಡುಗೆಮನೆ ಸಿಂಕು ಹೊರಗೋಡೆಗೇ ಅಂಟಿಕೊಂಡಿತ್ತು. ಥರ್ಮೋಸ್ಟಾಟ್ ಆಫ್ ಮಾಡಿದೆ. ಉಳಿಯೋದು ಸುಮಾರು 70 ಡಾಲರ್ ಅಂತ ಲೆಕ್ಕ ಹಾಕಿದ್ದೆ. ಇನ್ನೂ ಒಂದು ಲೆಕ್ಕ ಇತ್ತು, ಹೇಳೋಕೆ ನಾಚಿಕೆ ಆಗುತ್ತೆ. ಕೆಳಗಿನ ಮನೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಒಬ್ಬರೇ ಇದ್ದರು. ಅವರು ಹೇಗೂ ಚೆನ್ನಾಗಿ ಹೀಟರ್ ಹಾಕ್ತಾರೆ, ಆ ಬಿಸಿ ಮೇಲಕ್ಕೇ ಬರುತ್ತೆ, ನನ್ನ ಮನೆಗೆ ಅಷ್ಟು ಸಾಕು ಅಂದುಕೊಂಡಿದ್ದೆ.

ಜನವರಿ 15, ಸಂಕ್ರಾಂತಿ. ಬಾಯಲ್ಲಿ ಎಳ್ಳುಬೆಲ್ಲ, ಕೈಯಲ್ಲಿ ಕಬ್ಬು. ಶಿಕಾಗೋದ ಗೆಳೆಯ ತನ್ನ ಕಾರಿನ ಫೋಟೋ ಕಳಿಸಿದ. ಹೊರಗೆ ಫ್ಯಾರನ್‌ಹೀಟ್ ಸೊನ್ನೆಗಿಂತ ಕೆಳಗೆ, ಅಂದ್ರೆ ಸೆಲ್ಸಿಯಸ್‌ನಲ್ಲಿ ಮೈನಸ್ 18ಕ್ಕಿಂತ ಕಮ್ಮಿ. ಅಮ್ಮನಿಗೆ ತೋರಿಸಿ ನಕ್ಕೆ. ಮರುವಾರ ಅಲ್ಲಿ ಚಳಿ ಇಳಿಯಿತು. ಆಮೇಲೆ ಒಂದು ರಾತ್ರಿ ಫೋನ್ ಬಂತು. ಕೆಳಗಿನ ಮನೆಯ ಸೂರಿಂದ ನೀರು ಸುರೀತಾ ಇದೆ, ನಿಮ್ಮ ಬಾಗಿಲು ತೆಗೀತೀವಿ ಅಂದರು.

ಚಳಿ ಇಳಿದ ಮೇಲೆ ಯಾಕೆ? ನನಗೂ ಆಗ ಗೊತ್ತಿರಲಿಲ್ಲ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು 9% ಹೆಚ್ಚುತ್ತೆ, ಇದನ್ನ ಹೈಸ್ಕೂಲಲ್ಲೇ ಓದಿದ್ದೇವೆ. ಆದರೆ ಪೈಪು ಒಡೆಯೋದು ಸಾಮಾನ್ಯವಾಗಿ ಮಂಜುಗಡ್ಡೆ ಕಟ್ಟಿದ ಜಾಗದಲ್ಲೇ ಅಲ್ಲ. ಬೆಳೆಯುತ್ತಿರುವ ಗಡ್ಡೆ ಬಿರಡೆಯ ಥರ ಕೂತು ಮುಂದಿನ ನೀರನ್ನ ತಳ್ಳುತ್ತೆ. ಆ ಕಡೆ ನಲ್ಲಿ ಮುಚ್ಚಿದೆ, ನೀರಿಗೆ ಹೋಗೋಕೆ ದಾರಿ ಇಲ್ಲ. ಒತ್ತಡ ಏರಿ ಏರಿ ನಡುವೆ ಎಲ್ಲೋ ಪೈಪು ಸೀಳುತ್ತೆ. ಗಡ್ಡೆ ಅಡ್ಡ ಇರೋತನಕ ಹನಿ ನೀರೂ ಬರಲ್ಲ. ಅದು ಕರಗಿದ ದಿನ ಇಡೀ ಬಿಲ್ಡಿಂಗಿನ ನೀರಿನ ಒತ್ತಡ ಆ ಸೀಳಿನಿಂದ ಹೊರಗೆ. ನಾನು ಅಮ್ಮನ ಪಕ್ಕ ಕೂತು ನಗ್ತಿದ್ದಾಗಲೇ ಪೈಪು ಸೀಳಿತ್ತೋ ಏನೋ!

ಕೆಳಗಿನ ಅಜ್ಜಿ ಮಕ್ಕಳಿಗೆ ಪಿಯಾನೋ ಹೇಳಿಕೊಡ್ತಿದ್ದರು. ಸಂಜೆ ಆಫೀಸಿಂದ ಬಂದಾಗ ಕೇಳಿಸ್ತಿತ್ತು. ಆ ಪಿಯಾನೋ ಸರಿಯಾಗಿ ನನ್ನ ಸಿಂಕಿನ ಕೆಳಗೇ ಇತ್ತು. ನೆನೆದು ಮರ ಉಬ್ಬಿತು, ರಿಪೇರಿ ಆಗಲ್ಲ ಅಂದರು. ಎರಡೂವರೆ ತಿಂಗಳು ಅಜ್ಜಿ ಮಗಳ ಮನೆಯಲ್ಲಿದ್ದರು. ವಾಪಸ್ ಬಂದ ಮೇಲೂ ಪಾಠ ಶುರು ಮಾಡಲಿಲ್ಲ. ನಾನು ಕ್ಷಮೆ ಕೇಳೋಕೆ ಹೋದಾಗ ಬೈಯಲಿಲ್ಲ. "ಹೀಟಿಂಗ್ ಯಾಕೆ ಆರಿಸಿದೆ?" ಅಂತ ಒಂದೇ ಪ್ರಶ್ನೆ ಕೇಳಿದರು. 70 ಡಾಲರಿಗೆ ಅಂತ ಹೇಳೋ ಧೈರ್ಯ ನನಗಿರಲಿಲ್ಲ.

ಈಗ ನಮ್ಮ ಜಾಣರ ವಾದಗಳಿಗೆ ಬರ್ತೀನಿ.

"ಪೈಪಿಗೆ ಫೋಮ್ ಸುತ್ತಿದ್ದಾರೆ." ಸ್ವಾಮಿ, ಕಲ್ಲಿಗೆ ಕಂಬಳಿ ಹೊದಿಸಿದರೆ ಕಲ್ಲು ಬೆಚ್ಚಗಾಗುತ್ತಾ? ಫೋಮ್ ಬಿಸಿ ಹುಟ್ಟಿಸಲ್ಲ, ಇರೋ ಬಿಸಿ ಹೋಗೋದನ್ನ ನಿಧಾನ ಮಾಡುತ್ತೆ ಅಷ್ಟೇ. ಒಂದು ರಾತ್ರಿಯ ಚಳಿಗೆ ಅದು ಸಾಕಾಗಬಹುದು. ಬಿಸಿಯೇ ಇಲ್ಲದ ಮನೆಯಲ್ಲಿ ನಾಲ್ಕು ದಿನದ ಚಳಿಗೆ ಸಾಕಾಗಲ್ಲ.

"ನಲ್ಲಿ ಹನಿ ಹನಿ ಬಿಟ್ಟು ಹೋಗ್ತೀನಿ." ನಲ್ಲಿ ತೊಟ್ಟಿಕ್ಕಿದರೆ ಮನೆಯ ಲಕ್ಷ್ಮಿ ಹೋಗ್ತಾಳೆ ಅಂತ ಬೈಸಿಕೊಂಡು ಬೆಳೆದವರು ನಾವು, ಇಲ್ಲಿ ಬಂದು ಇದನ್ನ ಕಲಿತಿದ್ದೇವೆ. ಹನಿ ಬಿಟ್ಟರೆ ಆ ಒತ್ತಡಕ್ಕೆ ದಾರಿ ಸಿಗುತ್ತೆ, ನಿಜ. ಆದರೆ ಅದು ನೀವು ಮನೆಯಲ್ಲಿದ್ದು, ಹೀಟರ್ ಓಡುತ್ತಿರುವಾಗ ಮಾಡೋ ಉಪಾಯ. ಹೀಟರ್ ಆರಿಸಿ ಮೂರು ವಾರ ಹನಿ ಬಿಟ್ಟರೆ ಸಿಂಕಿನಿಂದ ನೀರು ಹೋಗೋ ಪೈಪೇ ಹೆಪ್ಪುಗಟ್ಟಿ, ಸಿಂಕು ತುಂಬಿ, ಅದೂ ಕೆಳಗಿನ ಮನೆಗೇ.

"ಇನ್ಷೂರೆನ್ಸ್ ಇದೆಯಲ್ಲ." ನಾನು ಕ್ಲೇಮ್ ಹಾಕಿದಾಗ ಅವರು ಕೇಳಿದ ಮೊದಲ ಪ್ರಶ್ನೆ, ಹೀಟಿಂಗ್ ಆನ್ ಇತ್ತಾ? ಇಲ್ಲಿನ ಎಷ್ಟೋ ಪಾಲಿಸಿಗಳಲ್ಲಿ ಸ್ಪಷ್ಟವಾಗಿ ಬರೆದಿರುತ್ತೆ: ಮನೆ ಬೆಚ್ಚಗಿಡೋಕೆ ತಕ್ಕ ಎಚ್ಚರಿಕೆ ತಗೊಂಡಿರಬೇಕು, ಇಲ್ಲಾ ನೀರು ಬಂದ್ ಮಾಡಿ ಪೈಪು ಖಾಲಿ ಮಾಡಿರಬೇಕು. ಹಾಳಾದ ನನ್ನ ಸಾಮಾನಿಗೆ ಬಿಡಿಗಾಸು ಸಿಗಲಿಲ್ಲ.

"ತಪ್ಪು ಮನೆ ಕಟ್ಟಿದವರದು." ಈ ವಾದದಲ್ಲಿ ಸತ್ಯ ಇದೆ, ಒಪ್ತೀನಿ. ಮಿನ್ನೆಸೋಟಾದಂಥ ಕಡೆ ನೆಲ ಎಷ್ಟು ಆಳ ಹೆಪ್ಪುಗಟ್ಟುತ್ತೆ ಅಂತ ನೋಡಿ ನೀರಿನ ಪೈಪನ್ನ ಅದಕ್ಕಿಂತ ಕೆಳಗೆ ಹೂಳ್ತಾರೆ. ದಕ್ಷಿಣದ ಟೆಕ್ಸಾಸಿನಲ್ಲಿ ಎಷ್ಟೋ ಮನೆಗಳ ಪೈಪು ಸೂರಿನ ಮೇಲಿನ ಅಟ್ಟದಲ್ಲೇ ಹಾದುಹೋಗುತ್ತೆ. 2021ರ ಫೆಬ್ರವರಿ 16ರಂದು ಡಲ್ಲಾಸ್‌ನಲ್ಲಿ ಮೈನಸ್ 2 ಫ್ಯಾರನ್‌ಹೀಟ್ ಆಯ್ತು, ಸೆಲ್ಸಿಯಸ್‌ನಲ್ಲಿ ಸುಮಾರು ಮೈನಸ್ 19. ಆ ವಾರ ರಾಜ್ಯದಲ್ಲಿ 40 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟು ಹೋಗಿ, ಎಲ್ಲೆಲ್ಲೂ ಪೈಪುಗಳು ಒಡೆದವು. ಸರ್ಕಾರದ ಲೆಕ್ಕದಲ್ಲೇ ಸತ್ತವರು 246 ಜನ. ಹೀಟರ್ ಬೇಕು ಅಂತ ಜನ ಒದ್ದಾಡಿದರು, ಸಿಗಲಿಲ್ಲ. ಅವರು ಬಿಲ್ಡರನ್ನ ಬೈಯಲಿ, ಸರ್ಕಾರವನ್ನ ಬೈಯಲಿ, ನ್ಯಾಯ ಇದೆ. ಕರೆಂಟು ಇದ್ದೂ ಕೈಯಾರೆ ಆರಿಸಿ ವಿಮಾನ ಹತ್ತಿದ ನಾನು ಯಾವ ಬಾಯಲ್ಲಿ ಬಿಲ್ಡರನ್ನ ಬೈಯಲಿ?

ನಾವು ಇದನ್ನ ಉಳಿತಾಯ ಅಂತ ಕರೀತೀವಿ. ಉಳಿದದ್ದು ನಮ್ಮ ಜೇಬಿಗೆ, ಒಡೆದರೆ ಕೆಳಗಿನವರ ತಲೆ ಮೇಲೆ. ಊರಲ್ಲಿ ಪಕ್ಕದ ಮನೆಯವನು ತನ್ನ ಬಚ್ಚಲು ನೀರನ್ನ ನಮ್ಮ ಅಂಗಳಕ್ಕೆ ಬಿಟ್ಟರೆ ಪಂಚಾಯ್ತಿ ಸೇರಿಸ್ತೀವಿ. ಇಲ್ಲಿ ನಾವೇ ಅದನ್ನ ಮಾಡಿ ಜಾಣತನ ಅಂತೀವಿ.

ಮಾಡಬೇಕಾದ್ದು ಬಹಳ ಏನಿಲ್ಲ:

- ಥರ್ಮೋಸ್ಟಾಟ್ 55 ಫ್ಯಾರನ್‌ಹೀಟ್‌ಗಿಂತ (13 ಸೆಲ್ಸಿಯಸ್) ಕೆಳಗೆ ಇಳಿಸಬೇಡಿ.
- ಹೊರಡುವ ಮುಂಚೆ ಮನೆಗೆ ನೀರು ಬರುವ ಮುಖ್ಯ ವಾಲ್ವ್ ಮುಚ್ಚಿ, ಆಮೇಲೆ ನಲ್ಲಿ ತೆಗೆದು ಉಳಿದ ನೀರು ಬಿಡಿ. ಅದು ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಇವತ್ತೇ ಮ್ಯಾನೇಜರನ್ನ ಕೇಳಿ. ಬೆಂಕಿ ಆರಿಸುವ ಸ್ಪ್ರಿಂಕ್ಲರಿನ ವಾಲ್ವನ್ನ ಮಾತ್ರ ಮುಟ್ಟಬೇಡಿ.
- ಹೊರಗೋಡೆಯ ಸಿಂಕಿನ ಕೆಳಗಿನ ಬಾಗಿಲು ತೆಗೆದಿಡಿ, ಮನೆಯ ಬಿಸಿ ಪೈಪಿಗೆ ತಾಗಲಿ.
- ಅಂಗಳದ ನಲ್ಲಿಗೆ ಸಿಕ್ಕಿಸಿದ ಗಾರ್ಡನ್ ಪೈಪು ಬಿಚ್ಚಿಡಿ.
- ನಂಬಿಕಸ್ಥರ ಹತ್ತಿರ ಬೀಗದ ಕೈ ಕೊಟ್ಟು ಹೋಗಿ, ವಾರಕ್ಕೊಮ್ಮೆ ಇಣುಕಿ ನೋಡಲಿ.

ಮನೆಯಲ್ಲಿದ್ದಾಗಲೇ ನೀರು ಕಟ್ಟಿಕೊಂಡರೆ ನಲ್ಲಿ ತೆಗೆದಿಟ್ಟು, ನಲ್ಲಿಯ ಕಡೆಯಿಂದ ಶುರು ಮಾಡಿ ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿ. ಬೆಂಕಿ ಹಿಡಿಯೋಕೆ ಹೋಗಬೇಡಿ, ಗೋಡೆಯೊಳಗೆ ಮರ ಇರುತ್ತೆ.

ಬೆಂಗಳೂರಲ್ಲಿ ಕೂತು ಓದುವವರೇ, ನಿಮ್ಮ ಅಣ್ಣನೋ ಅಕ್ಕನೋ ಈ ಚಳಿ ದೇಶದಿಂದ ಊರಿಗೆ ಹೊರಟಿದ್ದರೆ, ಚಾಕಲೇಟ್ ಪಟ್ಟಿ ಕಳಿಸುವ ಮೊದಲು ಇದನ್ನೊಂದು ಕೇಳಿ :-)

ಶನಿವಾರ ಆ ಗೆಳೆಯನನ್ನ ಏರ್‌ಪೋರ್ಟಿಗೆ ಬಿಡಬೇಕಾದವನು ನಾನೇ. ಅವನ ಥರ್ಮೋಸ್ಟಾಟ್ ನೋಡದೆ ಕಾರು ಸ್ಟಾರ್ಟ್ ಮಾಡಲ್ಲ. ಬೈದರೆ ಬೈಸಿಕೊಳ್ತೀನಿ. ಏನಂತೀರಿ?